ರೇಸ್ ಕಾರಿನ ಎಡಬದಿಯ ಹೆಸರುಗಳು

ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಶಾರ್ಲೆಟ್ ಪಕ್ಕದ ಒಂದು ಸಣ್ಣ ಊರಲ್ಲಿ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್ ಕೆಲಸ. ಶನಿವಾರ ಮಾತ್ರ ಬೇರೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚುಕಡಿಮೆ ಎಲ್ಲ ಶನಿವಾರವೂ ನನ್ನ ಕೈಯಲ್ಲಿ ಅಳತೆ ಟೇಪು, ಟೈರ್ ಗೇಜ್ ಇರುತ್ತವೆ. ನಾವು ಐದು ಜನ ಸೇರಿ ಒಂದು ಸ್ಟಾಕ್ ಕಾರನ್ನು ರೇಸಿಗೆ ಇಳಿಸುತ್ತೇವೆ. ಅದು ಓಡುವುದು ಫೈರ್ ಎಂಜಿನ್, ಆಂಬ್ಯುಲೆನ್ಸ್, ಪೊಲೀಸ್ ಗಾಡಿಗಳಲ್ಲಿ ಎಲ್ಲರಿಗಿಂತ ಮೊದಲು ಓಡಿ ಬರುವವರ ಹೆಸರಿನಲ್ಲಿ. ಇಲ್ಲಿ ಅವರನ್ನು ಫಸ್ಟ್ ರೆಸ್ಪಾಂಡರ್ಸ್ ಅಂತ ಕರೆಯುತ್ತಾರೆ.

ನಾನು ಇದಕ್ಕೆ ಸೇರಿದ್ದು ಒಂದು ಬೆಂಕಿಯಿಂದ. ಪಕ್ಕದ ಮನೆಯ ಅಡುಗೆಮನೆಗೆ ಬೆಂಕಿ ಬಿತ್ತು. ಏಳೆಂಟು ನಿಮಿಷದಲ್ಲಿ ಗಾಡಿ ಬಂತು. ಆರಿಸಿದವರಲ್ಲಿ ಒಬ್ಬರು ರಾತ್ರಿ ಊಟ ಅರ್ಧಕ್ಕೆ ಬಿಟ್ಟು ಬಂದಿದ್ದರು. ಎಲ್ಲ ಮುಗಿದ ಮೇಲೆ ನೀರು ಕೊಡುತ್ತಾ ಮಾತಾಡಿಸಿದೆ. ಹಗಲು ಎಲೆಕ್ಟ್ರಿಷಿಯನ್, ಕರೆ ಬಂದರೆ ಫೈರ್‌ಮನ್. ಸಂಬಳ ಎಷ್ಟು ಅಂತ ಕೇಳಿದೆ. ಸಂಬಳ ಇಲ್ಲ, ಸ್ವಯಂಸೇವೆ ಅಂದರು. ಈ ದೇಶದಲ್ಲಿ ಅಗ್ನಿಶಾಮಕ ಕೆಲಸ ಮಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೀಗೆ ಸಂಬಳವಿಲ್ಲದೆ ಬರುವವರು ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ನಮ್ಮಪ್ಪ ತುಮಕೂರಿನಲ್ಲಿ ಅಗ್ನಿಶಾಮಕ ದಳದ ಡ್ರೈವರ್ ಆಗಿದ್ದವರು. ನಾವು ಬೆಳೆದದ್ದೇ ಸ್ಟೇಷನ್ ಹಿಂದಿನ ಕ್ವಾರ್ಟರ್ಸ್‌ನಲ್ಲಿ. ಗಂಟೆ ಹೊಡೆದರೆ ಅಪ್ಪ ಊಟ ಅರ್ಧಕ್ಕೆ ಬಿಟ್ಟು, ಕೈ ತೊಳೆದು ಓಡುತ್ತಿದ್ದರು. ಅಮ್ಮ ಆ ತಟ್ಟೆಯನ್ನು ಎತ್ತದೆ, ಮೇಲೊಂದು ತಟ್ಟೆ ಮುಚ್ಚಿ ಇಡುತ್ತಿದ್ದಳು. ಆ ಎಲೆಕ್ಟ್ರಿಷಿಯನ್‌ನ ಮನೆಗೆ ಮುಂದಿನ ವಾರ ಚಿತ್ರಾನ್ನ ತಗೊಂಡು ಹೋದೆ. ಗ್ಯಾರೇಜಿನಲ್ಲಿ ರೇಸ್ ಕಾರು ನಿಂತಿತ್ತು. ಆವತ್ತಿನಿಂದ ನಾನು ಆ ಗ್ಯಾರೇಜಿನವನೇ.

ಸ್ಟಾಕ್ ಕಾರ್ ಅಂದರೆ ಮೊದಲಿಗೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರು. ಈ ರೇಸುಗಳನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಶುರುವಾದದ್ದು 1948ರಲ್ಲಿ; ಮರುವರ್ಷ ಅದು ಶುರುಮಾಡಿದ ಸರಣಿಯಲ್ಲಿ ಅಂಥವನ್ನೇ ಓಡಿಸುತ್ತಿದ್ದರು. ಈಗ ಹೊರಗಿನ ಆಕಾರ ಮಾತ್ರ ಕಾರಿನದು, ಒಳಗೆಲ್ಲ ಉಕ್ಕಿನ ಕೊಳವೆ ಬೆಸೆದು ಮಾಡಿದ ಪಂಜರ. ಟಿವಿಯಲ್ಲಿ ಕಾಣುವ ದೊಡ್ಡ ತಂಡಗಳು ಇಲ್ಲೇ ಮೂರ್ಸ್‌ವಿಲ್, ಕಾನ್ಕಾರ್ಡ್ ಸುತ್ತಮುತ್ತ ಇವೆ. ನಮ್ಮದು ಆ ಲೋಕವಲ್ಲ. ನಾವು ಹೋಗುವುದು ಹಿಕರಿಯಂಥ ಸಣ್ಣ ಟ್ರ್ಯಾಕ್‌ಗಳಿಗೆ. 1951ರಲ್ಲಿ ತೆರೆದ ಹಿಕರಿ ಟ್ರ್ಯಾಕಿನ ಒಂದು ಸುತ್ತು ಅರ್ಧ ಮೈಲಿಯೂ ಇಲ್ಲ. ಮನೆಮಂದಿಯೆಲ್ಲ ಮಡಚುವ ಕುರ್ಚಿ, ಕಂಬಳಿ ಹೊತ್ತು ಬರುತ್ತಾರೆ. ಥೇಟ್ ನಮ್ಮೂರ ಜಾತ್ರೆಯ ಸಂಜೆ.

ನನ್ನ ಕೆಲಸ ಟೈರು. ಓವಲ್, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಕಾರು ಬರೀ ಎಡಕ್ಕೆ ತಿರುಗುತ್ತದೆ. ಅದಕ್ಕೆ ಹಿಂದಿನ ಬಲ ಟೈರಿನ ಸುತ್ತಳತೆ ಎಡಗಡೆಯದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ನಮ್ಮ ಕಾರಿಗೆ ಒಂದೂವರೆ ಇಂಚಿನ ಆಸುಪಾಸು. ಕಾಗದದ ಟೀ ಲೋಟವನ್ನು ಮೇಜಿನ ಮೇಲೆ ಮಲಗಿಸಿ ಉರುಳಿಸಿ ನೋಡಿ. ನೇರ ಹೋಗಲ್ಲ, ಸುತ್ತು ಹಾಕುತ್ತದೆ, ಅಲ್ವಾ? ಅದೇ ಲೆಕ್ಕ. ಒಳಗಿನ ಗಾಳಿ ಬಿಸಿಯಾದರೆ ಟೈರು ಹಿಗ್ಗುತ್ತದೆ, ಅಳತೆ ಬದಲಾಗುತ್ತದೆ. ಪ್ರಾಕ್ಟೀಸ್ ಮುಗಿಸಿ ಕಾರು ಒಳಗೆ ಬಂದ ಕೂಡಲೇ ಬಗ್ಗಿ, ಬಿಸಿ ರಬ್ಬರಿನ ಸುತ್ತ ಟೇಪು ಎಳೆದು, ಚಾಕ್‌ಪೀಸಿನಲ್ಲಿ ಟೈರಿನ ಮೇಲೇ ಬರೆಯುತ್ತೇನೆ. ಇದನ್ನು ಕಲಿಯಲು ನನಗೆ ಒಂದಿಡೀ ಸೀಸನ್ ಬೇಕಾಯಿತು.

ಇನ್ನು ದುಡ್ಡಿನ ವಿಷಯ. ಈ ಕಾರಿನ ನೆಪದಲ್ಲಿ ಊರಿನ ಅಗ್ನಿಶಾಮಕ ದಳಕ್ಕೆ ದಾನ ಕೂಡುತ್ತದೆ. ಇದನ್ನು ಯಾರಾದರೂ ಮಾಡಬೇಕು ಅಂತಿದ್ದರೆ ನಾನು ಮೊದಲು ಹೇಳುವುದು ಒಂದೇ ಮಾತು: ದಾನದ ದುಡ್ಡು ತಂಡದ ಕೈಗೆ ಬರಲೇಬಾರದು. ರೇಸ್ ಕಾರಿನ ಹಸಿವು ದೊಡ್ಡದು. ಟೈರು, ಪೆಟ್ರೋಲು, ಪ್ರವೇಶ ಶುಲ್ಕ, ಮುರಿದ ಬಂಪರ್, ವಾರ ವಾರವೂ ಏನಾದರೊಂದು. ಎರಡು ದುಡ್ಡು ಒಂದೇ ಡಬ್ಬದಲ್ಲಿದ್ದರೆ ಒಳ್ಳೆಯವರಿಗೂ ಲೆಕ್ಕ ತಪ್ಪುತ್ತದೆ. ಕಾರಿನ ಖರ್ಚು ನಾವು ಐವರು ಹಾಕಿಕೊಳ್ಳುತ್ತೇವೆ, ಜೊತೆಗೆ ಎರಡು ಸಣ್ಣ ಅಂಗಡಿಗಳ ಪ್ರಾಯೋಜಕತ್ವ ಇದೆ. ದಾನ ಕೊಡುವವರು ಚೆಕ್ಕನ್ನು ನೇರ ಊರಿನ ಅಗ್ನಿಶಾಮಕ ದಳದ ಹೆಸರಿಗೇ ಬರೆಯುತ್ತಾರೆ. ರೇಸಿಗೆ ಮುಂಚೆ ಜನ ಕಾರು ನೋಡಲು, ಮಕ್ಕಳನ್ನು ಒಳಗೆ ಕೂರಿಸಿ ಫೋಟೋ ತೆಗೆಯಲು ಬರುತ್ತಾರೆ. ಆಗ ಬಾನೆಟ್ ಪಕ್ಕ ಒಂದು ಫೈರ್‌ಮನ್ ಬೂಟು ಇಡುತ್ತೇವೆ. ಅದರಲ್ಲಿ ಬಿದ್ದದ್ದನ್ನು ದಳದವರೇ ಬಂದು ಎಣಿಸಿ ತಗೊಂಡು ಹೋಗುತ್ತಾರೆ. ನಾವು ಮುಟ್ಟುವುದಿಲ್ಲ.

ಎರಡನೇ ಸೀಸನ್‌ನಲ್ಲಿ ನಾವೊಂದು ದೊಡ್ಡ ತಪ್ಪು ಮಾಡಿದೆವು. ಕರ್ತವ್ಯದಲ್ಲಿ ತೀರಿಕೊಂಡ ಒಬ್ಬ ಯುವಕನ ಹೆಸರನ್ನು ಕಾರಿನ ಮೇಲೆ ಬರೆಸಿದೆವು. ಹೆದ್ದಾರಿಯಲ್ಲಿ ಅಪಘಾತವಾದವರಿಗೆ ಸಹಾಯ ಮಾಡುತ್ತಿದ್ದಾಗ ಇನ್ನೊಂದು ಗಾಡಿ ಬಂದು ಗುದ್ದಿತ್ತು. ಹೆಸರು ಜನರಿಗೆ ಎದ್ದು ಕಾಣಲಿ ಅಂತ ಬಲಗಡೆ, ಹಿಂದಿನ ಚಕ್ರದ ಮೇಲೆ ದೊಡ್ಡದಾಗಿ ಅಂಟಿಸಿದೆವು. ಅವನ ತಾಯಿಯನ್ನೂ ಕರೆದಿದ್ದೆವು. ಮೂವತ್ತನೆಯೋ ಮೂವತ್ತೊಂದನೆಯೋ ಸುತ್ತಿನಲ್ಲಿ ನಾಲ್ಕನೇ ತಿರುವಿಂದ ಹೊರಬರುವಾಗ ಕಾರು ಜಾರಿ ಗೋಡೆಗೆ ಉಜ್ಜಿಕೊಂಡು ಹೋಯಿತು.

ಇಂಥ ಹೊತ್ತಿನಲ್ಲಿ ನಾವೆಲ್ಲ ನೋಡುವುದು ಡ್ರೈವರ್ ಪಕ್ಕದ ಕಿಟಕಿಯ ಬಲೆಯನ್ನು. ಡ್ರೈವರ್ ಬಲೆಯನ್ನು ಕೆಳಗೆ ಬಿಟ್ಟರೆ ಚೆನ್ನಾಗಿದ್ದೇನೆ ಅಂತ ಅರ್ಥ. ಆ ನಾಲ್ಕೈದು ಸೆಕೆಂಡು ಯಾರೂ ಉಸಿರಾಡುವುದಿಲ್ಲ. ಬಲೆ ಬಿತ್ತು. ಆಮೇಲೆ ಕಾರನ್ನು ಎಳೆದು ತಂದಾಗ ಬಲಬದಿಯ ತಗಡು ಕಿತ್ತು ಹೋಗಿತ್ತು. ಹೆಸರಿನ ಮೊದಲ ಎರಡು ಅಕ್ಷರ ಉಳಿದಿದ್ದವು, ಅಷ್ಟೇ. ಆ ತಾಯಿ ಹತ್ತಿರ ಬಂದು ಹರಿದ ಅಂಚನ್ನು ಬೆರಳಿನಿಂದ ಸವರಿದರು. ನಮಗೆ ಒಂದು ಮಾತೂ ಅನ್ನಲಿಲ್ಲ. ಡ್ರೈವರ್‌ಗೆ ಏಟಾಗಿಲ್ಲ ತಾನೇ ಅಂತ ಮಾತ್ರ ಕೇಳಿದರು.

ಎಡಕ್ಕೆ ತಿರುಗುವ ಕಾರು ಗೋಡೆಗೆ ಬಡಿಯುವುದು ಬಲಗಡೆ. ಟೈರು ಅಳೆಯುವ ನನಗೇ ಅದು ಹೊಳೆಯಬೇಕಿತ್ತು. ಆ ವಾರವೇ ಜಾಗ ಬದಲಾಯಿಸಿದೆವು. ಎಡಬದಿಯ ಕಿಟಕಿಯ ಮೇಲೆ, ಛಾವಣಿಯ ಅಂಚಿನಲ್ಲಿ ಡ್ರೈವರ್ ಹೆಸರು ಬರೆಯುವುದು ವಾಡಿಕೆ. ನಮ್ಮ ಡ್ರೈವರ್ ತನ್ನ ಹೆಸರು ಅಳಿಸಿ ಅಲ್ಲಿ ಕರ್ತವ್ಯದಲ್ಲಿ ತೀರಿಕೊಂಡವರ ಹೆಸರು ಬರೆಸಿದರು. ಈಗ ಅಲ್ಲಿ ಆರು ಹೆಸರುಗಳಿವೆ. ಪ್ರತಿಯೊಂದನ್ನೂ ಮನೆಯವರನ್ನು ಕೇಳಿ, ಅವರು ಹೂಂ ಅಂದ ಮೇಲೇ ಹಾಕಿದ್ದೇವೆ. ತುಮಕೂರಿನಲ್ಲಿ ಏಪ್ರಿಲ್ 14 ಬಂದರೆ ಅಪ್ಪ ಎದೆಗೆ ಚಿಕ್ಕ ಬಾವುಟ ಚುಚ್ಚಿಕೊಳ್ಳುತ್ತಿದ್ದರು. 1944ರಲ್ಲಿ ಅದೇ ದಿನ ಬಾಂಬೆ ಬಂದರಿನಲ್ಲಿ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತರು ಅಂತ ನಮ್ಮನ್ನು ಕೂರಿಸಿ ಹೇಳುತ್ತಿದ್ದರು. ಆ ಆರು ಹೆಸರನ್ನು ಪ್ರತಿ ಶನಿವಾರ ಒರೆಸುವುದು ನನ್ನ ಪಾಲಿನ ಕೆಲಸ. ನಾನೇ ಕೇಳಿ ಪಡೆದದ್ದು.

ಆದರೆ ನಾವು ಮಾಡಿದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಹೆಸರೂ ಅಲ್ಲ, ಬೂಟಿನ ದುಡ್ಡೂ ಅಲ್ಲ. ಒಂದು ಹಳೆ ಕಾರು.

ನಜ್ಜುಗುಜ್ಜಾದ ಗಾಡಿಯಿಂದ ಜನರನ್ನು ಹೊರತೆಗೆಯಲು ಹೈಡ್ರಾಲಿಕ್ ಕತ್ತರಿ ಬಳಸುತ್ತಾರಲ್ಲ, ಜಾಸ್ ಆಫ್ ಲೈಫ್ ಅಂತ, ಅದು ಹುಟ್ಟಿದ್ದೇ ಸ್ಟಾಕ್ ಕಾರ್ ರೇಸಿನಿಂದ. ಗೇರ್ ಶಿಫ್ಟರ್‌ಗಳಿಗೆ ಹೆಸರಾದ ಜಾರ್ಜ್ ಹರ್ಸ್ಟ್ 1961ರಲ್ಲಿ ಒಂದು ರೇಸಿನಲ್ಲಿ ಅಪಘಾತ ನೋಡಿದರು. ಡ್ರೈವರನ್ನು ಹೊರಗೆ ತೆಗೆಯಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಅದನ್ನು ಕಂಡು ಅವರು ಈ ಯಂತ್ರ ಮಾಡಲು ಹೊರಟರು. ಇದನ್ನು ನಮಗೆ ಹೇಳಿದ್ದು ನಮ್ಮ ಕ್ರೂ ಚೀಫ್, ಅಂದರೆ ತಂಡದ ಮುಖ್ಯಸ್ಥರು. ಇಪ್ಪತ್ತೆರಡು ವರ್ಷ ಆಂಬ್ಯುಲೆನ್ಸಿನಲ್ಲಿ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಆಗಿದ್ದವರು. ಅವರೇ ಇನ್ನೊಂದು ಮಾತನ್ನೂ ಹೇಳಿದರು: ಸಣ್ಣ ಟ್ರ್ಯಾಕುಗಳಿಗೆ ಡ್ಯೂಟಿಗೆ ಬರುವ ಹಳ್ಳಿ ದಳದವರಿಗೆ ಹೆದ್ದಾರಿಯ ಕಾರು ಗೊತ್ತು, ರೇಸ್ ಕಾರು ಗೊತ್ತಿಲ್ಲ.

ನಮ್ಮ ಹಳೆ ಕಾರಿನ ಚಾಸಿಸ್, ಅಂದರೆ ಚೌಕಟ್ಟು, ಬಾಗಿ ಹಿತ್ತಲಲ್ಲಿ ಬಿದ್ದಿತ್ತು. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ತೆಗೆದು, ಎಣ್ಣೆಯೆಲ್ಲ ಬಸಿದು, ಟ್ರೇಲರ್ ಮೇಲೆ ಹಾಕಿ ಪಕ್ಕದ ಊರಿನ ದಳದ ಅಂಗಳಕ್ಕೆ ತಗೊಂಡು ಹೋದೆವು. ಸೀಟಿನಲ್ಲಿ ತರಬೇತಿಯ ಗೊಂಬೆಯೊಂದನ್ನು ಕೂರಿಸಿ, ಹೆಲ್ಮೆಟ್ ಹಾಕಿ, ಅದಕ್ಕೆ ಕುತ್ತಿಗೆ ಕಾಯುವ ಪಟ್ಟಿಯ ಕೊಂಡಿ ಸಿಕ್ಕಿಸಿ, ಬೆಲ್ಟ್ ಬಿಗಿದೆವು. ಹನ್ನೊಂದು ಜನ ಬಂದಿದ್ದರು, ಅವರಲ್ಲಿ ಒಬ್ಬರು ಶಾಲಾ ಬಸ್ಸಿನ ಡ್ರೈವರಮ್ಮ.

ಮೊದಲ ಸಲ ಅವರಿಗೆ 19 ನಿಮಿಷ ಹಿಡಿಯಿತು. ಬಾಗಿಲು ಹುಡುಕಿದರು, ಈ ಕಾರಿಗೆ ಬಾಗಿಲೇ ಇಲ್ಲ, ಕಿಟಕಿಯಿಂದ ಹೋಗಿಬರಬೇಕು. ಸ್ಟೀರಿಂಗ್ ಅಡ್ಡ ಬಂತು ಅಂತ ಕತ್ತರಿಸಲು ಹೊರಟರು, ಅದರ ಹಿಂದಿನ ಬಳೆ ಎಳೆದರೆ ಇಡೀ ಚಕ್ರ ಕೈಗೆ ಬರುತ್ತದೆ. ಬೆಲ್ಟ್ ಕತ್ತರಿಸಿ ಗೊಂಬೆಯನ್ನು ಎಳೆದರು, ಕುತ್ತಿಗೆ ಪಟ್ಟಿ ಸೀಟಿಗೆ ಸಿಕ್ಕಿಕೊಂಡು ತಲೆ ಹಿಂದಕ್ಕೆ ವಾಲಿತು. ಎಲ್ಲರೂ ಸುಮ್ಮನೆ ನಿಂತರು. 2001ರ ಫೆಬ್ರವರಿಯಲ್ಲಿ ಹೆಸರಾಂತ ರೇಸ್ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಡೇಟೋನಾದ ರೇಸಿನಲ್ಲಿ ಸತ್ತದ್ದು ತಲೆಬುರುಡೆಯ ಬುಡ ಒಡೆದು. ಅದೇ ವರ್ಷ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ಈ ಥರದ ಕುತ್ತಿಗೆ ರಕ್ಷಣೆಯನ್ನು ಕಡ್ಡಾಯ ಮಾಡಿತು. ಪ್ರಾಣ ಕಾಯುವ ಪಟ್ಟಿ ಅದು. ಹೊರತೆಗೆಯುವಾಗ ಮಾತ್ರ ಹೆಲ್ಮೆಟ್ಟಿನ ಎರಡು ಕೊಂಡಿಗಳನ್ನು ಮೊದಲು ಬಿಡಿಸಬೇಕು.

ಕ್ರೂ ಚೀಫ್ ಒಂದೊಂದನ್ನೇ ತೋರಿಸಿದರು. ಮೊದಲು ಕರೆಂಟ್ ಸ್ವಿಚ್, ಆಮೇಲೆ ಬೆಂಕಿ ಆರಿಸುವ ಬಾಟಲಿಯ ಎಳೆಕಡ್ಡಿ, ಬಲೆಯ ಚಿಲಕ, ಸ್ಟೀರಿಂಗ್, ಕೊಂಡಿ, ಕೊನೆಗೆ ಬೆಲ್ಟ್. ಬೆಲ್ಟ್ ಕತ್ತರಿಸುವುದೂ ಬೇಡ, ನಡುವಿನ ಬಿಲ್ಲೆ ತಿರುಗಿಸಿದರೆ ಎಲ್ಲ ಪಟ್ಟಿಗಳೂ ಒಟ್ಟಿಗೆ ಬಿಡುತ್ತವೆ. ಮೂರನೇ ಸಲಕ್ಕೆ ಎಂಟು ನಿಮಿಷಕ್ಕೆ ಇಳಿಯಿತು. ಬಸ್ ಡ್ರೈವರಮ್ಮ ಕಣ್ಣು ಮುಚ್ಚಿಕೊಂಡು ಕೈಯಿಂದಲೇ ಹುಡುಕಿ ಬಿಡಿಸುವುದನ್ನು ಕಲಿತರು. ಹೊಗೆ ತುಂಬಿದ್ದರೆ ಕಣ್ಣು ಕಾಣಲ್ಲವಲ್ಲ ಅಂದರು. ಕೊನೆಯಲ್ಲಿ ಛಾವಣಿಯ ಕೊಳವೆಗಳನ್ನು ಕತ್ತರಿಸಿ ಮೇಲೆತ್ತಿದರು.

ಆವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಮ್ಮ ಕಾಲದಲ್ಲಿ ಹಾರೆ, ಹಗ್ಗ, ಗರಗಸ, ಅಷ್ಟೇ ಕಣೋ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೈಗೆ ಸಿಗದೇ ಹೋದವರು ಈಗಲೂ ಕನಸಲ್ಲಿ ಬರ್ತಾರೆ" ಅಂದರು. ಅಪ್ಪ ಇದನ್ನು ಮೊದಲು ಯಾವತ್ತೂ ಹೇಳಿರಲಿಲ್ಲ. ನಾನು ಕ್ರೂ ಚೀಫ್‌ಗೆ ಹೇಳಿದೆ. ಅವರು ತಲೆಯಾಡಿಸಿ, ತನಗೂ ಅಷ್ಟೇ ಅಂದರು. ಈಗ ನಮ್ಮ ಕಾರಿನ ಹಿಂದಿನ ಬಂಪರ್ ಮೇಲೆ ಪ್ರಾಯೋಜಕರ ಹೆಸರಿಲ್ಲ. 988 ಅಂತ ಮೂರು ಅಂಕಿ ಇದೆ. ಮನಸ್ಸು ಕುಸಿದವರು, ಸಾಯುವ ಯೋಚನೆ ಬಂದವರು ಯಾವ ಹೊತ್ತಿನಲ್ಲಾದರೂ ಕರೆ ಮಾಡಲು 2022ರಿಂದ ಅಮೆರಿಕದಲ್ಲೆಲ್ಲ ಇರುವ ನಂಬರ್ ಅದು. ಬೂಟಿನ ಪಕ್ಕ ನಿಂತು ಆ ಅಂಕಿ ಏನು ಅಂತ ಕೇಳುವವರಲ್ಲಿ ಸಮವಸ್ತ್ರದವರೇ ಜಾಸ್ತಿ.

ಛಳಿಗಾಲಕ್ಕೆ ಇನ್ನೂ ಎರಡು ದಳದವರು ತರಬೇತಿ ಕೇಳಿದ್ದಾರೆ. ನಮ್ಮ ಹಳೆ ಕಾರಿನಲ್ಲಿ ಕತ್ತರಿಸಲು ಇನ್ನೇನೂ ಉಳಿದಿಲ್ಲ. ಬೇರೆ ತಂಡಗಳ ಹಿತ್ತಲಲ್ಲಿ ಬಿದ್ದಿರುವ ಚಾಸಿಸ್ ಕೇಳಿಕೊಂಡು ಓಡಾಡುತ್ತಿದ್ದೇವೆ. ಎಂಜಿನ್ ಬೇಡ, ಚಕ್ರ ಇಲ್ಲದಿದ್ದರೂ ನಡೆಯುತ್ತದೆ. ಪಂಜರ ಮತ್ತು ಸೀಟು ಇದ್ದರೆ ಸಾಕು, ಟ್ರೇಲರ್ ನಾವೇ ತರುತ್ತೇವೆ.