ರೇಡಿಯೋ ಗಾಜಿನ ಮೇಲೊಂದು ಕೆಂಪು ಬೊಟ್ಟು

ಹನ್ನೆರಡು ವರ್ಷ ನಾನು ಕ್ರೈಸ್ತ ರೇಡಿಯೋಗೆ ಕನ್ನಡ ಕಾರ್ಯಕ್ರಮ ಮಾಡಿದೆ. ಬರೆಯುವುದು, ಓದುವುದು, ಬಂದ ಕಾಗದಗಳಿಗೆ ಉತ್ತರ ಹಾಕುವುದು, ಎಲ್ಲ ನನ್ನದೇ. ಊರು ಬಾಗೇಪಲ್ಲಿ ಕಡೆ. ಆಗ ನಮ್ಮದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ.

ರೆಕಾರ್ಡಿಂಗ್ ಬೆಂಗಳೂರಲ್ಲಿ, ಪ್ರಸಾರ ಸೇಶೆಲ್ಸ್ ದ್ವೀಪದಿಂದ. ನಮ್ಮ ಕಡೆಯದೇ ಆದ ಚೇಳೂರಿನವರ ಹತ್ರ ಮಾತಾಡೋಕೆ ಸುಮಾರು 3,000 ಕಿಲೋಮೀಟರ್ ಆಚೆ ಸಮುದ್ರದ ನಡುವೆ ಹೋಗಬೇಕಿತ್ತಾ ಅಂತ ಈಗಿನ ಹುಡುಗರು ನಗುತ್ತಾರೆ. ಆಗ ದೇಶದೊಳಗೆ ರೇಡಿಯೋ ಅಂದರೆ ಆಕಾಶವಾಣಿ ಒಂದೇ. ಖಾಸಗಿ ಎಫ್‌ಎಂ ಬಂದ ಮೇಲೂ ಧಾರ್ಮಿಕ ಸಂಸ್ಥೆಗಳಿಗೆ ಲೈಸೆನ್ಸ್ ಕೊಡೋದಿಲ್ಲ. ಅದಕ್ಕೇ ಫೆಬಾ ಅನ್ನೋ ಕ್ರೈಸ್ತ ರೇಡಿಯೋ ಸಂಸ್ಥೆ 1970ರಿಂದ ಆ ದ್ವೀಪದಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಂಡಿತ್ತು. ಶಾರ್ಟ್‌ವೇವ್ ಅಲೆ ಮೇಲೆ ಹೋಗಿ, ಆಕಾಶದ ಒಂದು ಪದರಕ್ಕೆ ತಗುಲಿ, ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ನೆಲಕ್ಕೆ ಬರುತ್ತದೆ. ಗುಡ್ಡ ಅಡ್ಡ ಇದ್ದರೂ ಅದಕ್ಕೆ ಲೆಕ್ಕವಿಲ್ಲ.

ಒಂದು ಕಾರ್ಯಕ್ರಮ ಹದಿನೈದು ನಿಮಿಷ. ಕಾಲು ಇಂಚು ಅಗಲದ ಟೇಪು, ಏಳು ಇಂಚಿನ ಸ್ಪೂಲು. ತಪ್ಪಾದ ಕಡೆ ಬ್ಲೇಡಿನಲ್ಲಿ ಓರೆಯಾಗಿ ಕತ್ತರಿಸಿ, ಹಿಂದೆ ಅಂಟುಪಟ್ಟಿ ಹಾಕಿ ಜೋಡಿಸುತ್ತಿದ್ದೆವು. ನೇರ ಕತ್ತರಿಸಿದರೆ ಜೋಡಣೆ ಹತ್ರ 'ಟಕ್' ಅನ್ನುತ್ತಿತ್ತು. ಆಮೇಲೆ ಸ್ಪೂಲು ವಿಮಾನದಲ್ಲಿ ಹೋಗಿ ಪ್ರಸಾರ ಆಗೋಕೆ ವಾರಗಟ್ಟಲೆ ಬೇಕು. ಇದು ಗೊತ್ತಿದ್ದೂ ಒಂದು ಸಲ ನಾನು "ಈ ಸುಡು ಬಿಸಿಲಲ್ಲಿ ನೀವೆಲ್ಲ ಹೇಗಿದ್ದೀರಿ" ಅಂತ ಶುರು ಮಾಡಿಬಿಟ್ಟೆ. ಪ್ರಸಾರ ಆದ ದಿನ ಜೋರು ಮಳೆ. ಒಬ್ಬರು ಕಾರ್ಡು ಹಾಕಿದರು: "ನಮ್ಮ ಗೋಡೆ ಬಿದ್ದಿದೆ, ನಿಮ್ಮೂರಲ್ಲಿ ಬಿಸಿಲಾ?" ಅವತ್ತಿನಿಂದ ಹವಾಮಾನದ ಸುದ್ದಿಗೇ ಹೋಗಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಭಾಷೆಯದ್ದು. ನಾನು ಬೆಳೆದಿದ್ದೇ ಚರ್ಚಿನ ಕನ್ನಡದಲ್ಲಿ. ಮೊದಮೊದಲು ಬರೆದದ್ದೆಲ್ಲ ಭಾನುವಾರ ಪಾದ್ರಿ ಮಾಡುವ ಪ್ರಸಂಗದ ಥರಾನೇ ಇತ್ತು. 15 ಪೈಸೆಯ ಒಂದು ಕಾರ್ಡಿನಲ್ಲಿ ಹೈಸ್ಕೂಲ್ ಹುಡುಗನೊಬ್ಬ ಕೇಳಿದ: "ಸಾರ್, ಕೃಪಾಸನ ಅಂದರೆ ಯೋಗಾಸನದ ಥರಾನಾ? ಬೆನ್ನುನೋವಿಗೆ ಆಗುತ್ತಾ?" ನಾನು ಹೇಳಿದ್ದು ದೇವರ ಕೃಪೆಯ ಪೀಠ ಅನ್ನೋ ಅರ್ಥದಲ್ಲಿ. ಸ್ಟುಡಿಯೋದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗ ಹದಿನೈದು ನಿಮಿಷ ಗಮನ ಇಟ್ಟು ಕೇಳಿದ್ದ. ಅವನಿಗೆ ಅರ್ಥ ಆಗದ್ದು ನನ್ನ ತಪ್ಪು.

ನಮ್ಮ ಕಡೆ ಇನ್ನೊಂದು ತೊಡಕು. ಮನೆಮಾತು ತೆಲುಗು, ಕಾಗದದ ಮಾತು ಕನ್ನಡ. ಹಾಗಾಗಿ ಸ್ಕ್ರಿಪ್ಟ್ ಬರೆದ ಮೇಲೆ ಊರಿಗೆ ಹೋಗಿ ಚಿಕ್ಕಮ್ಮನಿಗೆ ಓದಿ ಹೇಳೋದನ್ನು ರೂಢಿ ಮಾಡಿಕೊಂಡೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಮಾತು ತಲೆಗೆ ಹೋಗದಿದ್ದರೆ ಕೈ ನಿಲ್ಲುತ್ತಿತ್ತು. ಕೈ ನಿಂತ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕುತ್ತಿದ್ದೆ. ಒಂದು ಪುಟಕ್ಕೆ ಏಳೆಂಟು ಗೀಟು ಬಿದ್ದದ್ದೂ ಉಂಟು. ಕಾರ್ಯಕ್ರಮ ಹೇಗೆ ಮಾಡಬೇಕು ಅಂತ ನನಗೆ ಟ್ರೇನಿಂಗ್ ಆಗಿತ್ತು, ಕಲಿತಿದ್ದು ಮಾತ್ರ ಆ ಮೊರದ ಮುಂದೆ ಕೂತು.

ಕಾಗದಗಳಲ್ಲಿ ದೇವರ ವಿಷಯ ಕಡಿಮೆ, ಕಾಯಿಲೆ, ಪರೀಕ್ಷೆ, ಮಗಳ ಮದುವೆ ಜಾಸ್ತಿ. ಒಂದು ವಾರ ಮಕ್ಕಳ ಭೇದಿಗೆ ಮನೆಯಲ್ಲೇ ಮಾಡುವ ನೀರಿನ ಬಗ್ಗೆ ಹೇಳಿದೆ: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ನನ್ನ ಯಾವ ಪ್ರಸಂಗಕ್ಕೂ ಅಷ್ಟು ಕಾಗದ ಬರಲಿಲ್ಲ! ಬರೆದವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಹಾಗಾಗಿ ಒಂದು ನಿಯಮ ಇಟ್ಟುಕೊಂಡಿದ್ದೆ: ಬನ್ನಿ ಅಂತ ಅವರೇ ಕರೆಯದೆ ಯಾರ ಮನೆಗೂ ಹೋಗಬಾರದು, ಹೋದ ಕಡೆ ನಮ್ಮ ಕಡೆಗೆ ಬನ್ನಿ ಅಂತ ಎಳೆಯಬಾರದು. ಇದಕ್ಕೆ ನಮ್ಮವರಿಂದಲೇ ಬೈಸಿಕೊಂಡಿದ್ದೇನೆ. ಈಗಲೂ ಅದೇ ಸರಿ ಅನಿಸುತ್ತದೆ.

ಹಾಗೆ ಕರೆದವರಲ್ಲಿ ಚೇಳೂರಿನ ಆಚೆಯ ಒಬ್ಬ ಅಜ್ಜಿಯೂ ಇದ್ದರು. ಕಾರ್ಡು ಬರೆದದ್ದು ಮೊಮ್ಮಗಳು. ಬಸ್ಸಿಳಿದು ನಡೆದು ಹೋದೆ. ಜಗಲಿಯ ಮೇಲೆ ಮೂರು ಸೆಲ್ಲು ಬಿಸಿಲಿಗೆ ಒಣಗಿಸಿದ್ದರು, ಹಪ್ಪಳದ ಥರ. ಬಿಸಿಲು ಕಾಯಿಸಿದರೆ ಇನ್ನೂ ನಾಕು ದಿನ ಬರುತ್ತದೆ ಅಂತ. ರೇಡಿಯೋದ ಏರಿಯಲ್ಲಿಗೆ ತಾಮ್ರದ ತಂತಿ ಸುತ್ತಿ ಹುಣಸೆ ಮರಕ್ಕೆ ಎಳೆದಿದ್ದರು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ರೇಡಿಯೋದಾಗೆ ಗಂಟಲು ಅಷ್ಟು ದಪ್ಪ, ಆಳು ಇಷ್ಟೇನಾ?" ಅಂದರು.

ಆ ರೇಡಿಯೋ ಗಾಜಿನ ಮೇಲೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿತ್ತು. ಅಜ್ಜಿಗೆ ಅಂಕಿ ಓದೋಕೆ ಬರಲ್ಲ. ಮುಳ್ಳು ಬೊಟ್ಟಿಗೆ ತಾಗಿದರೆ ನಾವು ಸಿಗುತ್ತಿದ್ದೆವು.

ಸ್ಟುಡಿಯೋಗೆ ವಾಪಸ್ ಬಂದ ಮೇಲೆ ಒಂದು ಯೋಚನೆ ಹಿಡಿಯಿತು. ಋತು ಬದಲಾದ ಹಾಗೆ ಆಕಾಶದ ಆ ಪದರವೂ ಬದಲಾಗುತ್ತದೆ, ಜೊತೆಗೆ ಫ್ರೀಕ್ವೆನ್ಸಿಯನ್ನೂ ಬದಲಾಯಿಸಬೇಕು. ನಾವು ಅದನ್ನು ಕಾರ್ಯಕ್ರಮದ ಕೊನೆಗೆ ಗಡಿಬಿಡಿಯಲ್ಲಿ ಕಿಲೋಹರ್ಟ್ಸ್ ಲೆಕ್ಕದಲ್ಲಿ ಹೇಳಿ ಮುಗಿಸುತ್ತಿದ್ದೆವು. ಬೊಟ್ಟು ಇಟ್ಟವರಿಗೆ ಅದರಿಂದ ಏನು ಉಪಯೋಗ? ಆಮೇಲೆ ಮೂರು ವಾರ ಮುಂಚಿನಿಂದಲೇ ಶುರುವಿನಲ್ಲಿ ಹೇಳತೊಡಗಿದೆ: ಮುಳ್ಳನ್ನು ಎಡಗಡೆಗೆ ಒಂದು ಅಕ್ಕಿಕಾಳಿನಷ್ಟು ಸರಿಸಿ, ನಿಧಾನವಾಗಿ.

2003ರಲ್ಲಿ ಸೇಶೆಲ್ಸ್ ಪ್ರಸಾರ ನಿಂತಿತು. ಕಾರ್ಯಕ್ರಮ ಬೇರೆ ಕಡೆಯ ಬಾಡಿಗೆ ಟ್ರಾನ್ಸ್‌ಮಿಟರಿಗೆ ಹೋಯಿತು. ಈ ಸಲ ಅಕ್ಕಿಕಾಳಿನ ಲೆಕ್ಕ ಸಾಲಲಿಲ್ಲ. ಸ್ವಲ್ಪ ದಿನಕ್ಕೆ ಚೇಳೂರಿನ ಕಾರ್ಡು ಬಂತು: "ಬೊಟ್ಟಿನ ಹತ್ರ ಬರೀ ಗೊರ್ ಅಂತಿದೆ. ನಿಮಗೆ ಹುಷಾರಿಲ್ವಾ?"

ಮತ್ತೆ ಹೋದೆ. ಜಗಲಿ ಮೇಲೆ ಕೂತು ಮುಳ್ಳು ತಿರುಗಿಸುತ್ತಾ ಅರ್ಧ ಗಂಟೆ ಹುಡುಕಿದೆ. ಕೊನೆಗೆ ನನ್ನದೇ ಗಂಟಲು, ಬಾವಿಯೊಳಗಿಂದ ಬಂದ ಹಾಗೆ, ಕೇಳಿಸಿತು. ಮೊಮ್ಮಗಳು ಓಡಿಹೋಗಿ ಕನ್ನಡಿಗೆ ಅಂಟಿಸಿದ್ದ ಒಂದು ಬೊಟ್ಟು ಕಿತ್ತು ತಂದಳು. ಹೊಸ ಜಾಗಕ್ಕೆ ಅಂಟಿಸಿದೆ. ಹಳೇದನ್ನು ಕೀಳೋಕೆ ಉಗುರು ಹಾಕಿದೆ, ಅಷ್ಟರಲ್ಲಿ ಅಜ್ಜಿ ಕೈ ತಡೆದರು.

"ಅದು ಇರ್ಲಿ ಬಿಡಪ್ಪ. ಕರೆಂಟ್ ಬಂದಂಗೆ ಒಂದಿನ ಅದೂ ಬತ್ತದೆ."