ಮಗಳ ಹೆಸರಿನ ಸರ್ಕಾರಿ ಖಾತೆ: ತೆರೆಯುವ ಮುನ್ನ ಲೆಕ್ಕ, ತೆರೆದ ಮೇಲೆ ಎಚ್ಚರ

ಬಿಪಿಎಲ್ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿಗೆ ವರ್ಷಕ್ಕೆ 3,000 ರೂ.ನಂತೆ 15 ವರ್ಷ ರಾಜ್ಯ ಸರ್ಕಾರವೇ ಹಣ ಕಟ್ಟುತ್ತದೆ. 2006-07ರಲ್ಲಿ ಎಲ್‌ಐಸಿ ಬಾಂಡ್ ರೂಪದಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆ 2020-21ರಿಂದ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯಾಗಿ ಬದಲಾದದ್ದು ಹೀಗೆ. ಕಟ್ಟುವುದು ಒಟ್ಟು 45,000 ರೂ. 21 ವರ್ಷಕ್ಕೆ ಸುಮಾರು 1.27 ಲಕ್ಷ ಬರುತ್ತದೆ ಎಂಬುದು ಆಗ ಕೊಟ್ಟ ಅಂದಾಜು.

ಇದರಿಂದ ಪ್ರಯೋಜನ ಉಂಟೇ? ಬೆಲೆಯೇರಿಕೆ ವರ್ಷಕ್ಕೆ ಶೇ 5 ಎಂದಿಟ್ಟುಕೊಂಡರೆ, 21 ವರ್ಷದ ನಂತರದ 1.27 ಲಕ್ಷಕ್ಕೆ ಇಂದಿನ ಬೆಲೆ ಸುಮಾರು 45,500 ರೂ. ಅಂದರೆ ಬಡ್ಡಿಯ ದೊಡ್ಡ ಪಾಲು ಬೆಲೆಯೇರಿಕೆಗೇ ಸರಿಹೋಯಿತು. ಮಗಳ ಓದು ಇದರಲ್ಲೇ ಮುಗಿದುಹೋಗುತ್ತದೆ ಎಂದುಕೊಂಡರೆ ಕೆಟ್ಟಂತೆ. ಆದರೆ ಕೈಯಿಂದ ಒಂದು ಪೈಸೆ ಹಾಕದೆ ಬರುವ ಹಣವಿದು, ಬಿಡುವುದು ದಡ್ಡತನ. ಸ್ವಂತ ದುಡ್ಡು ಹಾಕುವವರ ಲೆಕ್ಕವೇ ಬೇರೆ, ಅದು ಮುಂದಿದೆ.

ಸರ್ಕಾರ ಕಟ್ಟುವ ಖಾತೆಗೆ

ಮಗುವಿಗೆ ವರ್ಷ ತುಂಬುವ ಮೊದಲೇ ಅಂಗನವಾಡಿಯಲ್ಲಿ ಅರ್ಜಿ ಕೊಡಿ. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗಷ್ಟೇ ಇದು ಸಿಗುತ್ತದೆ. ಜನನ ಪ್ರಮಾಣಪತ್ರ, ಬಿಪಿಎಲ್ ಪಡಿತರ ಚೀಟಿ, ತಂದೆ ತಾಯಿಯ ಆಧಾರ್, ಲಸಿಕೆ ಕಾರ್ಡು ಜೊತೆಗಿರಲಿ. ಷರತ್ತುಗಳೂ ಇವೆ: ಲಸಿಕೆ ಹಾಕಿಸಬೇಕು, ಕನಿಷ್ಠ ಎಂಟನೇ ತರಗತಿವರೆಗೆ ಓದಿಸಬೇಕು, ದುಡಿಮೆಗೆ ಕಳಿಸುವಂತಿಲ್ಲ, 18ಕ್ಕೆ ಮೊದಲು ಮದುವೆ ಮಾಡುವಂತಿಲ್ಲ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಆಸ್ಪತ್ರೆಯಿಂದ ಬಂದ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ನಾಮಕರಣವಾದ ಮೇಲೆ ಅದನ್ನು ತುಂಬಿಸಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ. 12 ತಿಂಗಳೊಳಗೆ ಜನನ ನೋಂದಣಿ ಕಚೇರಿಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ, ಆಮೇಲಾದರೆ ಶುಲ್ಕ ಕಟ್ಟಬೇಕು. ಇನಿಶಿಯಲ್ ಹೆಸರಿನ ಮುಂದೆಯೋ ಹಿಂದೆಯೋ, ‘ಲಕ್ಷ್ಮಿ’ಗೆ ಗುಡಿಸೋ ದೀರ್ಘವೋ, ಇದನ್ನು ಇಲ್ಲೇ ತೀರ್ಮಾನಿಸಿ. ಆಧಾರ್, ಶಾಲಾ ದಾಖಲೆ, ಪಾಸ್‌ಬುಕ್ ಎಲ್ಲದರಲ್ಲೂ ಅದೇ ಬರೆಸಿ. ಈಗ ಐದು ನಿಮಿಷದ ಕೆಲಸ, 18 ವರ್ಷದ ಮೇಲೆ ಅಫಿಡವಿಟ್ ಹಿಡಿದು ತಿಂಗಳುಗಟ್ಟಲೆ ಓಡಾಟ.

ಸ್ವಂತ ದುಡ್ಡು ಹಾಕುವವರಿಗೆ

ಸುಕನ್ಯಾ ಸಮೃದ್ಧಿ ಖಾತೆಯನ್ನು 2015ರ ಜನವರಿ 22ರಂದು ಕೇಂದ್ರ ಸರ್ಕಾರ ಶುರುಮಾಡಿತು. ಇದಕ್ಕೆ ಪಡಿತರ ಚೀಟಿಯ ಹಂಗಿಲ್ಲ. ಹತ್ತು ವರ್ಷ ತುಂಬದ ಹುಡುಗಿಗೆ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ ರೂ. ಒಬ್ಬಳಿಗೆ ಒಂದೇ ಖಾತೆ. ಭಾಗ್ಯಲಕ್ಷ್ಮಿಯಲ್ಲಿ ಈಗಾಗಲೇ ಖಾತೆ ಇದ್ದರೆ ಇನ್ನೊಂದು ತೆರೆಯಬೇಡಿ. ಅಜ್ಜ ಅಜ್ಜಿ ಹಣ ಕೊಡಬಹುದು, ಆದರೆ ಪೋಷಕರ ಜಾಗದಲ್ಲಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಹೆಸರೇ ಇರಬೇಕು. ಹಿಂದೆ ಅಜ್ಜಂದಿರು ತೆರೆದ ಖಾತೆಗಳನ್ನು 2024ರ ಅಕ್ಟೋಬರ್ 1ರಿಂದ ಹೆತ್ತವರ ಹೆಸರಿಗೆ ಬದಲಾಯಿಸಲು ಹೇಳಲಾಗಿದೆ.

ಬಡ್ಡಿ ದರ ಖಾಯಂ ಅಲ್ಲ, ಮೂರು ತಿಂಗಳಿಗೊಮ್ಮೆ ಪರಿಶೀಲನೆಯಾಗುತ್ತದೆ. ಆರಂಭದಲ್ಲಿ ಶೇ 9.1 ಇತ್ತು, 2020ರ ಏಪ್ರಿಲ್‌ನಲ್ಲಿ 7.6ಕ್ಕೆ ಇಳಿಯಿತು, 2024ರ ಜನವರಿಯಲ್ಲಿ 8.2ಕ್ಕೆ ಏರಿತು. ಏಜೆಂಟರು ತೋರಿಸುವ ಪಟ್ಟಿ ಇಂದಿನ ದರ 21 ವರ್ಷವೂ ಹಾಗೇ ಇರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಕೆಳಗಿನ ಲೆಕ್ಕವೂ ಹಾಗೆಯೇ, ಅಂದಾಜಿಗಷ್ಟೇ.

ವರ್ಷಕ್ಕೆ 12,000 ರೂ. ಅನ್ನು ಏಪ್ರಿಲ್ ಮೊದಲ ವಾರದಲ್ಲೇ ಒಟ್ಟಿಗೆ ಕಟ್ಟಿದರೆ 15 ವರ್ಷದಲ್ಲಿ ಕಟ್ಟಿದ್ದು 1.8 ಲಕ್ಷ, 21ನೇ ವರ್ಷಕ್ಕೆ ಕೈಗೆ ಸುಮಾರು 5.74 ಲಕ್ಷ. ಅದನ್ನೇ ತಿಂಗಳಿಗೆ ಸಾವಿರದಂತೆ ಕಟ್ಟಿದರೆ ಸುಮಾರು 5.54 ಲಕ್ಷ. ಬಡ್ಡಿ ಲೆಕ್ಕ ಹಾಕುವುದು ಪ್ರತಿ ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಮೊತ್ತದ ಮೇಲೆ. 6ನೇ ತಾರೀಖು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. 1.5 ಲಕ್ಷ ಕಟ್ಟುವವರು ಒಂದು ದಿನ ತಡಮಾಡಿದರೆ ಸಾವಿರ ರೂಪಾಯಿ ಹೋಯಿತು. ಚೆಕ್ ಕೊಡುವವರು ಹಣ ಜಮೆಯಾಗುವ ದಿನವನ್ನು ಗಮನದಲ್ಲಿಟ್ಟು ಮಾರ್ಚ್ ಕೊನೆಯಲ್ಲೋ ಏಪ್ರಿಲ್ ಒಂದಕ್ಕೋ ಕೊಡುವುದನ್ನು ಯೋಚಿಸಿ ನಿರ್ಧರಿಸಬೇಕು, ಏಕೆಂದರೆ ಮಾರ್ಚ್‌ನಲ್ಲಿ ಜಮೆಯಾದರೆ ಅದು ಹಳೆಯ ವರ್ಷದ ಮಿತಿಗೆ ಸೇರುತ್ತದೆ.

21 ಎಂದರೆ ಮಗಳ ವಯಸ್ಸಲ್ಲ

ಈ ಖಾತೆಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಇದೇ. 21 ವರ್ಷ ಎಣಿಸುವುದು ಖಾತೆ ತೆರೆದ ದಿನದಿಂದ. ಒಂಬತ್ತನೇ ವಯಸ್ಸಿನಲ್ಲಿ ತೆರೆದರೆ ಪೂರ್ತಿ ಹಣ ಸಿಗುವುದು ಮಗಳಿಗೆ 30 ಆದಾಗ! ಓದಿಗೆ ನಡುವೆ ತೆಗೆಯಬಹುದು: 18 ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ, ಹಿಂದಿನ ಆರ್ಥಿಕ ವರ್ಷದ ಕೊನೆಗಿದ್ದ ಮೊತ್ತದ ಅರ್ಧದವರೆಗೆ. ಅದೂ ಕಾಲೇಜಿನ ಶುಲ್ಕ ಎಷ್ಟಿದೆಯೋ ಅಷ್ಟಕ್ಕೇ ಮಿತಿ. ಪ್ರವೇಶ ಪತ್ರ, ಶುಲ್ಕದ ಚೀಟಿ ತೋರಿಸಬೇಕು.

ವರ್ಷಕ್ಕೆ ಅದೇ 12,000 ರೂ. ಲೆಕ್ಕದಲ್ಲಿ, ಹುಟ್ಟಿದ ವರ್ಷವೇ ತೆರೆದ ಖಾತೆಯಲ್ಲಿ 18ನೇ ವಯಸ್ಸಿಗೆ 4.5 ಲಕ್ಷದಷ್ಟಿದ್ದು 2.25 ಲಕ್ಷ ತೆಗೆಯಲು ಸಿಗುತ್ತದೆ. ಒಂಬತ್ತಕ್ಕೆ ತೆರೆದದ್ದರಲ್ಲಿ ಇರುವುದೇ 1.63 ಲಕ್ಷ, ಸಿಗುವುದು 80 ಸಾವಿರದ ಆಸುಪಾಸು. ಆದ್ದರಿಂದ ಮಗಳಿಗೆ ಮೂರ್ನಾಲ್ಕು ವರ್ಷದೊಳಗಿದ್ದರೆ ಧಾರಾಳವಾಗಿ ಕಟ್ಟಿ. ಏಳೆಂಟು ದಾಟಿದ್ದರೆ ಕಾಲೇಜಿನ ಹಣವನ್ನು ಬೇರೆಡೆ, ಬೇಕಾದಾಗ ಸಿಗುವಂತೆ ಇಡಿ, ಇಲ್ಲಿ ಸ್ವಲ್ಪ ಸಾಕು. ಮನೆಯಲ್ಲಿ ಶೇ 24ರ ಸಾಲ ಇಟ್ಟುಕೊಂಡು ಶೇ 8.2ರ ಖಾತೆಗೆ ಕಟ್ಟುವುದಂತೂ ತೂತು ಕೊಡದಲ್ಲಿ ನೀರು ತುಂಬಿದಂತೆ. ಮೊದಲು ಸಾಲ ತೀರಲಿ.

ಮದುವೆಗೆಂದು ಖಾತೆ ಮುಚ್ಚುವುದಾದರೆ ಮಗಳಿಗೆ 18 ಆಗಿರಬೇಕು. ಅರ್ಜಿಯನ್ನು ಮದುವೆಗೆ ಒಂದು ತಿಂಗಳು ಮೊದಲಿನಿಂದ ಮದುವೆಯಾಗಿ ಮೂರು ತಿಂಗಳೊಳಗೆ ಕೊಡಬೇಕು. ಛತ್ರಕ್ಕೆ ಆರು ತಿಂಗಳು ಮೊದಲೇ ಮುಂಗಡ ಕೊಡಲು ಈ ದುಡ್ಡು ನೆಚ್ಚಿಕೊಳ್ಳಬೇಡಿ.

ತೆರಿಗೆಯ ವಿಷಯ ಚಿಕ್ಕದು: ಬಡ್ಡಿಗೆ ತೆರಿಗೆ ಇಲ್ಲ. ಕಟ್ಟಿದ ಹಣಕ್ಕೆ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆಯ್ದವರಿಗೆ ಮಾತ್ರ.

ಖಾತೆ ಸುಸ್ತಿಯಾದರೆ

ಒಂದು ವರ್ಷ 250 ರೂ. ಕೂಡ ಕಟ್ಟದಿದ್ದರೆ ಖಾತೆ ಸುಸ್ತಿಯಾಗುತ್ತದೆ, ಸಾಯುವುದಿಲ್ಲ. ತಪ್ಪಿದ ಪ್ರತಿ ವರ್ಷಕ್ಕೆ 250 ಜೊತೆಗೆ 50 ರೂ. ದಂಡ ಕಟ್ಟಿದರೆ ಮತ್ತೆ ಚಾಲೂ. ಮೂರು ವರ್ಷ ಬಿಟ್ಟಿದ್ದರೆ 900 ರೂ. ಆದರೆ ಇದೆಲ್ಲ ಮೊದಲ 15 ವರ್ಷದೊಳಗೆ ಆಗಬೇಕು. 15 ಮುಗಿದ ಮೇಲೆ ಕಟ್ಟುವಂತಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತದೆ. 21ರ ದಿನ ದಾಟಿದರೆ ಬಡ್ಡಿಯೂ ನಿಲ್ಲುತ್ತದೆ, ಸುಮ್ಮನೆ ಇಟ್ಟು ಲಾಭವಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಪಾಸ್‌ಬುಕ್ ಒಯ್ದು ಬಡ್ಡಿ ಜಮೆಯಾದದ್ದನ್ನು ಬರೆಸಿಕೊಳ್ಳಿ. ಭಾಗ್ಯಲಕ್ಷ್ಮಿ ಖಾತೆಯಾದರೆ ಸರ್ಕಾರದ 3,000 ಆ ವರ್ಷ ಬಿತ್ತೋ ಇಲ್ಲವೋ ಗೊತ್ತಾಗುವುದು ಅಲ್ಲೇ. ಬೀಳದಿದ್ದರೆ ಅಂಗನವಾಡಿ ಮೂಲಕ ಲಿಖಿತವಾಗಿ ಕೇಳಿ.

2006ರ ಮಾರ್ಚ್ 31ರ ನಂತರ ಹುಟ್ಟಿ ಹಳೆಯ ಎಲ್‌ಐಸಿ ಬಾಂಡ್ ಪಡೆದ ಹುಡುಗಿಯರಿಗೆ 2024ರಿಂದ 18 ತುಂಬುತ್ತಿದೆ. 2008ರ ಆಗಸ್ಟ್ 1ರ ನಂತರದ ಬಾಂಡ್‌ಗಳಲ್ಲಿ ಮೊದಲ ಮಗಳಿಗೆ 1,00,097, ಎರಡನೆಯವಳಿಗೆ 1,00,052 ರೂ. ಎಂದು ಅಚ್ಚಾಗಿರುತ್ತದೆ. ಟ್ರಂಕಿನ ತಳದಲ್ಲಿರುವ ಆ ಕಾಗದವನ್ನು ಈಗಲೇ ತೆಗೆದು ಹೆಸರು, ಹುಟ್ಟಿದ ದಿನಾಂಕ ಎರಡನ್ನೂ ಆಧಾರ್ ಜೊತೆ ಹೋಲಿಸಿ. ಹುಡುಗಿಯ ಸ್ವಂತ ಹೆಸರಿನಲ್ಲಿ ಬ್ಯಾಂಕ್ ಖಾತೆ ಮಾಡಿಸಿ, ಮೂಲ ಬಾಂಡ್ ಮತ್ತು ಶಾಲಾ ದಾಖಲೆಯೊಂದಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ. ಬಾಂಡ್‌ನ ಎರಡು ಜೆರಾಕ್ಸ್ ಮನೆಯಲ್ಲಿರಲಿ.