ಡಿವಿಡಿ ಡ್ರೈವ್ ತಡವರಿಸುತ್ತಿದೆಯಾ? ಮೊದಲು ಟ್ರಾನ್ಸ್‌ಫರ್ ಮೋಡ್ ನೋಡಿ

ಮದುವೆ ಸಿಡಿ, ನಾಮಕರಣದ ಡಿವಿಡಿಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳೋಣ ಅಂತ ಅಟ್ಟದ ಮೇಲಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇಳಿಸಿದ್ದೀರಿ. ಡಿಸ್ಕ್ ಹಾಕಿದ ಕೂಡಲೇ ಮೌಸ್ ಅಂಟಿಕೊಂಡಂತೆ ಆಗುತ್ತದೆ, ಹಾಡು ಕತ್ತರಿಸಿ ಕತ್ತರಿಸಿ ಬರುತ್ತದೆ, ಕಾಪಿ ಮುಗಿಯೋದೇ ಇಲ್ಲ. ಡ್ರೈವ್ ಹೋಯ್ತು ಅಂತ ಸುಮ್ನೆ ಎಸೆಯಬೇಡಿ. ಎಷ್ಟೋ ಸಲ ಡ್ರೈವ್ ಚೆನ್ನಾಗೇ ಇರುತ್ತದೆ, ಅದನ್ನು ನಡೆಸುವ ಸಾಫ್ಟ್‌ವೇರ್ (ಡ್ರೈವರ್) ಅದನ್ನು ಪಿಐಒ ಅನ್ನುವ ನಿಧಾನದ ಡೇಟಾ ಸಾಗಣೆ ಮೋಡ್‌ಗೆ ಇಳಿಸಿರುತ್ತದೆ ಅಷ್ಟೇ.

ಪಿಐಒನಲ್ಲಿ ಡೇಟಾವನ್ನು ಪ್ರೊಸೆಸರ್ರೇ ಚೂರು ಚೂರಾಗಿ ಎತ್ತಿ ಮೆಮೊರಿಗೆ ಹಾಕಬೇಕು. ಡಿಎಂಎ ಅನ್ನುವ ಇನ್ನೊಂದು ಮೋಡ್ ಆದರೆ ಡ್ರೈವ್ ಜೋಡಿಸಿರುವ ಕಂಟ್ರೋಲರ್ ಚಿಪ್ ನೇರವಾಗಿ ಮೆಮೊರಿಗೆ ಬರೆದು, ಮುಗಿದ ಮೇಲೆ ಪ್ರೊಸೆಸರ್‌ಗೆ ತಿಳಿಸುತ್ತದೆ. ಪಿಐಒ 4 ಅನ್ನುವ ಹಂತದ ಮಿತಿ ಸೆಕೆಂಡಿಗೆ 16.6 ಎಂಬಿ, ಆದರೆ 16ಎಕ್ಸ್ ಡಿವಿಡಿ ಪೂರ್ತಿ ವೇಗದಲ್ಲಿ ಸುಮಾರು 22 ಎಂಬಿ ಕೊಡುತ್ತದೆ. ಡಿಎಂಎಯಲ್ಲೇ ಅಲ್ಟ್ರಾ ಡಿಎಂಎ 2 ಅನ್ನುವ ಹಂತಕ್ಕೆ 33 ಎಂಬಿ ದಾರಿ ಇದೆ. 52ಎಕ್ಸ್ ಸಿಡಿಗೆ 8 ಎಂಬಿಯೂ ಬೇಕಿಲ್ಲ, ಪಿಐಒ ಸಾಕು ಅನ್ನಿಸಬಹುದು, ಆದರೂ ಪ್ರೊಸೆಸರ್ ಅದರಲ್ಲೇ ಮುಳುಗಿರುತ್ತದಲ್ವಾ, ಮೌಸ್ ಸಿಕ್ಕಿಕೊಳ್ಳೋದು ಅದಕ್ಕೇ.

ಮೊದಲು ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಅಲ್ಲಿ ಐಡಿಇ (ಡ್ರೈವ್‌ಗಳನ್ನು ಪಟ್ಟಿ ಕೇಬಲ್‌ನಿಂದ ಜೋಡಿಸುವ ಹಳೇ ವ್ಯವಸ್ಥೆ) ಕಂಟ್ರೋಲರ್‌ಗಳ ಕೆಳಗೆ ಸೆಕೆಂಡರಿ ಐಡಿಇ ಚಾನೆಲ್ ತೆರೆಯಿರಿ, ಡಿವಿಡಿ ಡ್ರೈವ್ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ 'ಡಿಎಂಎ ಇಫ್ ಅವೈಲಬಲ್' ಆರಿಸಿ. ಆದರೆ ನಿಜ ಹೇಳೋದು ಅದರ ಕೆಳಗಿನ 'ಕರೆಂಟ್ ಟ್ರಾನ್ಸ್‌ಫರ್ ಮೋಡ್'.

ಮೇಲೆ ಡಿಎಂಎ, ಕೆಳಗೆ ಪಿಐಒ ಅಂತ ಕಂಡರೆ? ಗೀರು ಬಿದ್ದ ಡಿಸ್ಕೋ, ಸಡಿಲ ಕೇಬಲ್ಲೋ, ಒಟ್ಟು ಆರಕ್ಕಿಂತ ಜಾಸ್ತಿ ಎರರ್ ಆದರೆ ಎಕ್ಸ್‌ಪಿ ಒಂದೊಂದೇ ಮೆಟ್ಟಿಲು ಕೆಳಗಿಳಿಸಿ ಕೊನೆಗೆ ಪಿಐಒಗೆ ತಂದು ಬಿಡುತ್ತದೆ, ಆಮೇಲೆ ಡಿಸ್ಕ್ ಬದಲಿಸಿದರೂ ತಾನಾಗಿ ಮೇಲೇರುವುದಿಲ್ಲ. ಆ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ. ಹೆದರಬೇಡಿ, ವಿಂಡೋಸ್ ಅದನ್ನು ಮತ್ತೆ ಗುರುತಿಸಿ ಹೊಸದಾಗಿ ಡಿಎಂಎ ಹಾಕುತ್ತದೆ.

ಮತ್ತೆ ಪಿಐಒಗೆ ಬಿದ್ದರೆ ಕಾರಣ ಹುಡುಕಿ. ಕರೆಂಟ್ ಪ್ಲಗ್ ಕಿತ್ತು, ಡ್ರೈವ್‌ನ ಕೇಬಲ್ ಎರಡೂ ಕಡೆ ಒತ್ತಿ ಕೂರಿಸಿ. 33 ಎಂಬಿವರೆಗೆ 40 ತಂತಿಯ ಪಟ್ಟಿ ಕೇಬಲ್ ಸಾಕು, 66 ಬೇಕಾದರೆ 80 ತಂತಿಯದ್ದೇ ಆಗಬೇಕು.

ಪಿಐಒ ಆರಿಸಲೇಬೇಕಾದ ಸಂದರ್ಭವೂ ಇದೆ. ಕೆಲವು ಹಳೇ ಡ್ರೈವ್‌ಗಳು ಡಿಎಂಎ ಬರುತ್ತದೆ ಅಂತ ಹೇಳಿಕೊಂಡು ತಪ್ಪು ಡೇಟಾ ಕೊಡುತ್ತವೆ. ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂನ ಹಿಂದಿನ ಆವೃತ್ತಿಗಳಲ್ಲಿ ಸಿಡಿ ಡ್ರೈವ್‌ಗಳಿಗೆ ಡಿಎಂಎ ಮೊದಲೇ ಆಫ್ ಇರುತ್ತಿತ್ತು, ಬೇಕಾದವರು ಆನ್ ಮಾಡಿಕೊಳ್ಳಬೇಕಿತ್ತು. ಅನುಮಾನ ಬಂದರೆ ಒಂದು ದೊಡ್ಡ ಫೈಲನ್ನು ಎರಡು ಸಲ ಕಾಪಿ ಮಾಡಿ, ನಡುವೆ ಡಿಸ್ಕ್ ಹೊರತೆಗೆದು ಹಾಕಿ. ಎರಡನ್ನೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಫ್‌ಸಿ (fc) ಕಮಾಂಡ್‌ನಿಂದ ಹೋಲಿಸಿ. ಸ್ವಚ್ಛ ಡಿಸ್ಕ್ ಇದ್ದೂ ವ್ಯತ್ಯಾಸ ಬಂತಾ? ಕೇಬಲ್ ಬದಲಿಸಿ ನೋಡಿ, ಆಗಲೂ ಬಂದರೆ 'ಪಿಐಒ ಓನ್ಲಿ' ಹಾಕಿಬಿಡಿ. ನಿಧಾನವಾದರೂ ಪರವಾಗಿಲ್ಲ, ಮದುವೆ ವಿಡಿಯೊ ಸರಿಯಾಗಿ ಇಳಿಯಬೇಕು.

ಈಗಿನ ಲಿನಕ್ಸ್‌ನಲ್ಲಿ ಮೋಡನ್ನು ಕರ್ನಲ್ಲೇ ಆರಿಸುತ್ತದೆ. ಬೂಟ್ ಲಾಗ್‌ನಲ್ಲಿ 'ಕಾನ್ಫಿಗರ್ಡ್ ಫಾರ್ ಯುಡಿಎಂಎ/33' ಅನ್ನುವ ಸಾಲು ಕಂಡರೆ ಡಿಎಂಎ ಆನ್ ಇದೆ ಅಂತ ಅರ್ಥ, ನೀವು ಏನೂ ಮುಟ್ಟಬೇಕಾಗಿಲ್ಲ.